ಬದಲಿ ಆಳು

ಮಾನ್ವಿ
೧೪ ಸೆಪ್ಟೆಂಬರ್ ೧೯೮೬

ತೀರ್ಥರೂಪ ಅಪ್ಪನವರ ಪಾದಗಳಿಗೆ ಚನ್ನಮಲ್ಲಮ್ಮನ ನಮಸ್ಕಾರಗಳು.

ಮೂರು ವರ್ಷದಿಂದ ಒಂದು ಸಾಲೂ ಬರೆಯದ ಮಗಳು ಇವತ್ತು ಬರೆಯುತ್ತಿದ್ದಾಳೆ ಎಂದರೆ ಏನೋ ಬೇಕಾಗಿದೆ ಎಂದು ನೀವು ಅಂದುಕೊಳ್ಳುತ್ತೀರಿ. ಹೌದು, ಬೇಕಾಗಿದೆ. ಅದಕ್ಕೇ ಇತ್ತ ಕ್ಷೇಮ, ಅತ್ತ ಕ್ಷೇಮ ಎಂದು ಸುತ್ತಿಬಳಸದೆ ಹೇಳಿಬಿಡುತ್ತೇನೆ. ಸಿಟ್ಟು ಬಂದರೆ ಕಾಗದ ಹರಿಯಿರಿ, ಆದರೆ ಓದಿ ಮುಗಿಸಿದ ಮೇಲೆ ಹರಿಯಿರಿ.

ನಾನು ಬಸುರಿ, ಐದನೇ ತಿಂಗಳು ನಡೆದಿದೆ. ಇದು ಮೊದಲನೆಯದಲ್ಲ. ಹೋದ ವರ್ಷವೂ ಬಸುರಾಗಿದ್ದೆ, ಅವ್ವನಿಗೂ ತಿಳಿಸಿರಲಿಲ್ಲ. ಮುಂಗಾರಿನ ಭತ್ತದ ನಾಟಿ ಜೋರಾಗಿತ್ತು. ಎಂಟು ತುಂಬಿದ ಮೇಲೂ ಕೆಸರಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದೆ, ಯಾಕೆಂದರೆ ಹಚ್ಚದ ದಿನ ಒಲೆ ಹೊತ್ತುತ್ತಿರಲಿಲ್ಲ. ಒಂದು ದಿನ ಗದ್ದೆಯಲ್ಲೇ ನೋವು ಬಂತು. ಅಕ್ಕಿ ಲಾರಿಯಲ್ಲಿ ರಾಯಚೂರಿಗೆ ಕರೆದುಕೊಂಡು ಹೊರಟರು. ಕಲ್ಲೂರು ದಾಟುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ. ಲಾರಿಯವನು ಇನ್ನೂ ಜೋರಾಗಿ ಓಡಿಸಿದ, ಪಾಪ. ಅಷ್ಟೇ.

ಈಗ ಭೂಮಿ ಇಲ್ಲದ ಕೂಲಿ ಹೆಂಗಸರಿಗೆ ಹೆರಿಗೆಯ ಹಿಂದುಮುಂದಿನ ತಿಂಗಳುಗಳಿಗೆ ಸರ್ಕಾರ ಭತ್ಯೆ ಕೊಡುತ್ತದೆ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಪಗಾರದ ಮೇಲೆ ಇರುವ ಹೆಂಗಸರಿಗೆ ಬಾಣಂತನಕ್ಕೆ ರಜೆಯೂ ಉಂಟಂತೆ, ರಜೆಯಲ್ಲಿ ಪಗಾರವೂ ಉಂಟಂತೆ. ನಮಗೆ ಯಾರು ಕೊಡಬೇಕು? ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು, ನಮ್ಮ ಧಣಿ ದಿನಕ್ಕೊಬ್ಬ. ಅದಕ್ಕೇ ಸರ್ಕಾರ ಕೊಡುವುದು. ದೊಡ್ಡ ಹಣವೇನಲ್ಲ. ಕೊನೆಯ ದಿನಗಳಲ್ಲಿ ಕೆಸರಿಗೆ ಇಳಿಯದೆ ಮನೆಯಲ್ಲಿ ಕೂತು ಗಂಜಿ ಕುಡಿಯಲು ಸಾಕು. ಬೇಸಿಗೆ ಬೆಳೆಯ ನಾಟಿ ಬರುವುದು ಸಂಕ್ರಾಂತಿಯ ಸುಮಾರಿಗೆ, ನನಗೆ ಎಂಟು ತುಂಬುವ ಹೊತ್ತಿಗೆ. ಈ ಕೂಸನ್ನು ನಾನು ಉಳಿಸಿಕೊಳ್ಳಬೇಕು, ಅಪ್ಪ. ನನಗೆ ಬೇರೆ ಯೋಚನೆಯೇ ಇಲ್ಲ.

ನಮ್ಮ ಓಣಿಗೆ ಹೆಸರು ಬರೆದುಕೊಳ್ಳಲು ಊರಿನ ಭೂಮಿ ಲೆಕ್ಕ ಬರೆಯುವ ತಲಾಟಿ ಅಬ್ದುಲ್ ವಹೀದ್ ಬಂದಿದ್ದರು. ಎಲ್ಲರದೂ ಬರೆದು ನನ್ನ ಹತ್ತಿರ ಪೆನ್ನು ನಿಲ್ಲಿಸಿದರು. "ನೀ ಗಬ್ಬೂರು ವಿರೂಪಣ್ಣನವರ ಮಗಳಲ್ಲೇನವಾ? ಅವರ ಹೊಲದಾಗ ಕುಂತು ಹಸಿ ಜೋಳದ ಸೀತನಿ ತಿಂದೀನಿ ನಾನು. ನಿನಗ ಭೂಮಿ ಇಲ್ಲಂತ ಹೆಂಗ ಬರೀಲಿ?" ಎಂದರು. ಆದ್ದರಿಂದ ನೀವು ಒಂದು ಕಾಗದ ಬರೆದು ಕೊಡಬೇಕು. ನನ್ನ ಮಗಳ ಹೆಸರಲ್ಲಿ ಭೂಮಿ ಇಲ್ಲ, ಅವಳು ಕೂಲಿ ಮಾಡಿ ಬದುಕುತ್ತಾಳೆ ಎಂದು. ಎರಡೇ ಸಾಲು.

ಇವರು ಕುರಿ ಹೊಡೆದುಕೊಂಡು ಜಾಲಹಳ್ಳಿ ಕಡೆ ಹೊಳೆದಂಡೆಗೆ ಹೋಗಿದ್ದಾರೆ. ಮಂದೆ ಇನ್ನೊಬ್ಬರದು, ಕಾಯುವುದಷ್ಟೇ ಇವರ ಪಾಲು. ಮನೆಯಲ್ಲಿ ನಾನು, ಕಣ್ಣು ಕಾಣದ ಅತ್ತೆ. ಬೇಗ ಬರೆಯಿರಿ. ಕೂತಲ್ಲಿ ಕೂರಲಾರದೆ ದಿನಾ ಅಂಚೆಯವನ ದಾರಿಗೆ ಅಡ್ಡ ನಿಲ್ಲುತ್ತಿದ್ದೇನೆ.

ನಿಮ್ಮ ಮಗಳು,
ಚನ್ನಮಲ್ಲಮ್ಮ


ಗಬ್ಬೂರು
೯ ಅಕ್ಟೋಬರ್ ೧೯೮೬

ಚಿ. ಚನ್ನಮಲ್ಲಮ್ಮಳಿಗೆ ವಿರೂಪಣ್ಣ ಮಾಡುವ ಆಶೀರ್ವಾದ.

ನಿನ್ನ ಕಾಗದ ಹರಿಯಲಿಲ್ಲ. ನಿಮ್ಮವ್ವನಿಗೆ ಓದಿ ಹೇಳಿದೆ, ಲಾರಿಯ ಮಾತೊಂದನ್ನು ಬಿಟ್ಟು. ಅಲ್ಲಿ ಯಾಕೆ ತಡೆದಿರಿ ಎಂದು ಕೇಳಿದಳು. ಕಣ್ಣು ಮಂಜಾಗಿದೆ, ಅಕ್ಷರ ಕೂಡಲಿಲ್ಲ ಎಂದೆ. ನಂಬಿದಳೋ ಇಲ್ಲವೋ ತಿಳಿಯದು.

ನೀನು ಕೇಳಿದ ಎರಡು ಸಾಲನ್ನು ನಾನು ಬರೆಯಲಾರೆ. ನಮ್ಮ ಹೊಲಕ್ಕೆ ಕೂಲಿಗೆ ಬಂದವರನ್ನು ಬದುವಿನ ಮೇಲೆ ಸಾಲಾಗಿ ಕೂಡಿಸಿ, ಮನೆಯ ಮಗಳು ಬಡಿಸಲಿ ಎಂದು ನಿನ್ನ ಕೈಯಿಂದ ರೊಟ್ಟಿ ಹಾಕಿಸುತ್ತಿದ್ದೆ. ಆ ಕೈಯವಳು ಕೂಲಿ ಎಂದು ನಾನೇ ಬರೆದು, ಕೆಳಗೆ ಸಹಿ ಮಾಡಿ, ಕಚೇರಿಗೆ ಕೊಡಬೇಕೇನು? ನಾಳೆ ಅದನ್ನು ದೇವದುರ್ಗದಿಂದ ರಾಯಚೂರಿನ ತನಕ ಯಾರು ಬೇಕಾದರೂ ಓದುತ್ತಾರೆ. ನಿಜಾಮನ ಕಾಲದಲ್ಲೂ ನಮ್ಮ ಮನೆಯವರು ಯಾವ ದಫ್ತರದ ಮುಂದೂ ಕೈ ಚಾಚಿ ನಿಂತವರಲ್ಲ.

ಇಲ್ಲಿಗೆ ಬಂದುಬಿಡು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಪದ್ಧತಿ. ಊರಿಗೆ ಗೊತ್ತಿರುವ ಮಟ್ಟಿಗೆ ಇದು ಮೊದಲನೆಯದೇ. ನೀನೊಬ್ಬಳೇ ಬಾ. ನಮ್ಮ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಬಂದು, ಹೋಗುವಾಗ ಲಿಂಗ ಕಟ್ಟಿದ ಮನೆಯ ಮಗಳನ್ನು ಹೊಡೆದುಕೊಂಡು ಹೋದ ಕನಕರಾಯ ನನ್ನ ಹೊಸ್ತಿಲು ತುಳಿಯುವುದು ಬೇಡ. ಆ ವರ್ಷದಿಂದ ನಾನು ಯಾರ ಕುರಿಯನ್ನೂ ಹೊಲಕ್ಕೆ ಬಿಟ್ಟಿಲ್ಲ. ಜೋಳ ಸೊರಗಿದೆ, ಮಂದಿ ನಗುತ್ತಾರೆ. ನಗಲಿ.

ಬರುವ ದಿನ ತಿಳಿಸಿದರೆ ರಾಯಚೂರು ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತೇನೆ.

ಇತಿ,
ವಿರೂಪಣ್ಣ


ಮಾನ್ವಿ
೨ ನವೆಂಬರ್ ೧೯೮೬

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಸಾಲಾಗಿ ಕೂಡಿಸಿ ರೊಟ್ಟಿ ಹಾಕಿಸುತ್ತಿದ್ದಿರಿ, ನೆನಪಿದೆ. ಆ ಸಾಲಿನಲ್ಲಿ ಕೂತವರಿಗೂ ಅಪ್ಪಂದಿರಿದ್ದರು. ಅವರು ಯಾರಿಗೂ ನಾಚಿಕೆಯಾಗಲಿಲ್ಲ, ನಿಮಗೊಬ್ಬರಿಗೆ ಆಗುತ್ತಿದೆ.

ನನ್ನ ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ, ಜೋಳದ ಸೀಮೆಯವರಾದ ನಿಮಗೆ ಗೊತ್ತಿರಲಾರದು. ನಮ್ಮದು ದಾವಲ್ ಬೀ ಎಂಬಾಕೆಯ ಗುಂಪು. ಆಕೆ ಗದ್ದೆಯ ಧಣಿಯೊಡನೆ ಎಕರೆಗಿಷ್ಟು ಎಂದು ಮಾತಾಡುತ್ತಾಳೆ, ನಾವೆಲ್ಲ ಒಂದೇ ಸಾಲಿನಲ್ಲಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚುತ್ತೇವೆ. ಬಂದದ್ದು ಎಲ್ಲರಿಗೂ ಸಮಪಾಲು. ಮೊದಲ ವರ್ಷ ನಾನು ಹಚ್ಚಿದ್ದೆಲ್ಲ ನೀರಿನ ಮೇಲೆ ತೇಲುತ್ತಿತ್ತು. ಆಕೆ ಬೈಯುತ್ತ ಮತ್ತೆ ಹಚ್ಚುತ್ತಿದ್ದಳು, ಆದರೆ ನನ್ನ ಪಾಲಿನಲ್ಲಿ ಒಂದು ಪೈಸೆ ಹಿಡಿಯಲಿಲ್ಲ. ಈಗ ನನ್ನ ಸಸಿ ನೆಟ್ಟಗೆ ನಿಲ್ಲುತ್ತದೆ. ನಿಮ್ಮ ಮಗಳು ಕೂಲಿ, ಮತ್ತು ಒಳ್ಳೆಯ ಕೂಲಿ. ಇದನ್ನು ನಾನೇ ಬರೆದು, ಕೆಳಗೆ ಸಹಿ ಮಾಡುತ್ತಿದ್ದೇನೆ.

ಒಬ್ಬಳೇ ಬಾ ಎಂದಿದ್ದೀರಿ. ಒಬ್ಬಳೇ ಬರುವುದಿಲ್ಲ. ಅದೊಂದು. ಇನ್ನೊಂದು, ಬರುವಂತೆಯೂ ಇಲ್ಲ. ತಲಾಟಿ ವಿಚಾರಣೆಗೆ ಯಾವತ್ತು ಬರುತ್ತಾರೋ ಹೇಳುವುದಿಲ್ಲ. ಬಂದಾಗ ಮನೆಯಲ್ಲಿ ಇರದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಗಬ್ಬೂರಿನಲ್ಲಿ ಕೂತರೆ ದೇವದುರ್ಗ ತಾಲೂಕಿನವರು ನೀನು ಮಾನ್ವಿಯವಳು ಎನ್ನುತ್ತಾರೆ, ಮಾನ್ವಿಯವರು ಎಲ್ಲಿ ಹೋದೆ ಎನ್ನುತ್ತಾರೆ. ಹೆಂಗಸರು ಹೆರಿಗೆಗೆ ತವರಿಗೆ ಹೋಗುತ್ತಾರೆ ಎಂದು ಸರ್ಕಾರಕ್ಕೆ ಇನ್ನೂ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಹೋದ ವಾರ ತಹಸೀಲ್ ಕಚೇರಿಗೇ ಹೋಗಿ ಕೇಳಿದೆ. ಅಪ್ಪನ ಕಾಗದ ಬಂತೇ ಎಂದರು. ಬರುತ್ತದೆ ಎಂದೆ. ಸುಳ್ಳು ಹೇಳಿಸಬೇಡಿ.

ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಬಾಗಿಲಿಗೆ ಹೋಗಬೇಕೆನಿಸುತ್ತದೆ. ಅತ್ತೆ ನನ್ನ ಹೆಜ್ಜೆ ಸದ್ದಿಗೆ ಬೇಸತ್ತು ಹೊರಗೆ ಕೂರುತ್ತಾಳೆ. ಮಧ್ಯಾಹ್ನ ಸುಮ್ಮನೆ ಮಲಗಿದಾಗ ಕೂಸು ಒದೆಯದಿದ್ದರೆ ತಣ್ಣೀರಿನ ತಂಬಿಗೆಯನ್ನು ಹೊಟ್ಟೆಗೆ ಹಿಡಿದು ಎಬ್ಬಿಸುತ್ತೇನೆ. ಅದಕ್ಕೆ ಸಿಟ್ಟು ಬಂದು ಒಂದು ಒದೆಯುತ್ತದೆ. ನಿಮ್ಮ ಸ್ವಭಾವವೇ ಬಂದಿದೆ.

ಎರಡು ಸಾಲು, ಅಪ್ಪ.

ನಿಮ್ಮ ಮಗಳು,
ಚನ್ನಮಲ್ಲಮ್ಮ


ಗಬ್ಬೂರು
೧೨ ಡಿಸೆಂಬರ್ ೧೯೮೬

ಚಿ. ಚನ್ನಮಲ್ಲಮ್ಮಳಿಗೆ ಆಶೀರ್ವಾದ.

ತಡವಾಯಿತು. ಆದರೆ ಈ ಕಾಗದ ಓದಿದ ಮೇಲೆ ನೀನು ನಿನ್ನ ಅಪ್ಪನ ಮೇಲಿನ ಸಿಟ್ಟನ್ನು ಹೊಳೆಗೆ ಹಾಕುತ್ತೀ ಎಂದು ನನಗೆ ಭರವಸೆ ಇದೆ.

ನೀನು ಕೇಳಿದ್ದನ್ನು ಬರೆಯಲು ಕೂತೆ. ನನ್ನ ಮಗಳಿಗೆ ಭೂಮಿ ಇಲ್ಲ ಎಂಬಲ್ಲಿಯವರೆಗೆ ಬರೆದೆ. ಯಾಕಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡೆ. ನಿಮ್ಮವ್ವ ಈ ಮನೆಗೆ ಬರುವಾಗ ಅವರಪ್ಪ ಅರಿಶಿಣ ಕುಂಕುಮಕ್ಕೆಂದು ಹೊಲ ಕೊಟ್ಟರು. ನಿಮ್ಮ ಸೋದರತ್ತೆಗೆ ನಮ್ಮಪ್ಪ ಕೊಟ್ಟ. ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಿದ ರೂಢಿ ನಮ್ಮಲ್ಲಿಲ್ಲ. ನೀನು ಹೇಳದೆ ಹೋದೆ ಎಂದು ನಾನು ಕೊಡದೆ ಕೂತಿದ್ದೆ. ಸಾಕು, ಎಷ್ಟು ದಿನ ಕೂರುವುದು. ಹಳ್ಳದ ದಂಡೆಯ ಎರಡು ಎಕರೆಯನ್ನು ನಿನ್ನ ಹೆಸರಿಗೆ ಮಾಡಲು ದೇವದುರ್ಗದ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಅಲ್ಲಿ ಎಲ್ಲರೂ ಎದ್ದು ನಿಂತು ಚಹಾ ತರಿಸಿದರು.

ಅಬ್ದುಲ್ ವಹೀದನಿಗೂ ರಿಜಿಸ್ಟರ್ ಅಂಚೆಯಲ್ಲಿ ಬರೆದು, ಅರ್ಜಿಯ ನಕಲನ್ನೂ ಇಟ್ಟಿದ್ದೇನೆ. ವಿರೂಪಣ್ಣನ ಮಗಳು ಇನ್ನು ಮೇಲೆ ಪಟ್ಟೇದಾರಳು, ಹೊಲದ ಒಡತಿ, ಅವಳನ್ನು ಮಾತಾಡಿಸುವಾಗ ಅದು ನೆನಪಿರಲಿ ಎಂದು. ಈಗ ನೋಡು, ನಿನಗೆ ಭೂಮಿ ಇಲ್ಲ ಎಂದು ಯಾವ ಗಂಡಸಾದರೂ ಹೇಳುತ್ತಾನೇನು?

ನಿಮ್ಮವ್ವನಿಗೆ ಲಾರಿಯ ಮಾತನ್ನೂ ಹೇಳಿದೆ. ಹೇಳದೆ ಇಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಒಲೆಯ ಉರಿ ಹೊರಗೆಳೆದಳು. ಆಮೇಲೆ, "ಆ ಕೂಸಿಗಿ ಹೆಸರಿಟ್ಟಿದ್ಲೇನು, ಕೇಳ್ರಿ" ಎಂದಳು. ಕೇಳು ಎಂದಿದ್ದಕ್ಕೆ ಕೇಳಿದ್ದೇನೆ. ನಿನಗೆ ಬರೆಯಬೇಕೆನಿಸಿದರೆ ಬರೆ.

ಇತಿ,
ವಿರೂಪಣ್ಣ


ಮಾನ್ವಿ
೩ ಜನವರಿ ೧೯೮೭

ಅಪ್ಪ,

ನೀನು ಏನು ಮಾಡಿದೆ ಎಂದು ನಿನಗೆ ಗೊತ್ತಿದೆಯೇ?

ಭೂಮಿ ಇಲ್ಲದವರಿಗೆ ಕೊಡುವ ಭತ್ಯೆ ಅದು. ಮೊದಲ ಕಾಗದದಲ್ಲೇ ಬರೆದಿದ್ದೆ. ನೀನು ಅದನ್ನು ಓದಿಲ್ಲ, ನಿನ್ನ ಮಾನಕ್ಕೆ ಎಲ್ಲಿ ಪೆಟ್ಟು ಬಿತ್ತು ಎಂಬುದನ್ನಷ್ಟೇ ಓದಿದ್ದೀ. ಭೂಮಿ ಇಲ್ಲ ಎಂದು ಯಾರೋ ನನ್ನನ್ನು ಹೀಯಾಳಿಸಿದರೆಂದು ತಿಳಿದು, ಭೂಮಿ ಕೊಟ್ಟು ಸೇಡು ತೀರಿಸಿಕೊಂಡಿದ್ದೀ.

ನಿನ್ನೆ ಚಾವಡಿಯಲ್ಲಿ ಎಲ್ಲರನ್ನೂ ಕರೆದು ತಲಾಟಿ ಹೆಸರು ಓದಿದರು. ನನ್ನದು ಬಂದಾಗ, "ಈಕಿ ಪಟ್ಟೇದಾರಳು, ಈಕಿಗಿ ಬರೂದಿಲ್ಲ" ಎಂದು ನಿನ್ನ ರಿಜಿಸ್ಟರ್ ಕಾಗದ ಎತ್ತಿ ತೋರಿಸಿದರು. ಹೆಂಗಸರು ನಕ್ಕರು. ನಗು ಮುಗಿಯುವ ಮೊದಲೇ ತಲಾಟಿ, ಇಂಥವರು ಈ ಗುಂಪಿನಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೋ, ಎಲ್ಲರದೂ ಮತ್ತೆ ವಿಚಾರಣೆ ಆಗಲಿ ಎಂದು ಎಲ್ಲ ಅರ್ಜಿಗಳನ್ನೂ ಪಕ್ಕಕ್ಕಿಟ್ಟರು. ದಾವಲ್ ಬೀಯ ಸೊಸೆ ಅಮೀರ್ ಬೀಗೆ ನನಗಿಂತ ಮುಂಚೆ ದಿನ ತುಂಬುತ್ತದೆ. ಅವಳದೂ ನಿಂತಿತು. ದಾರಿಯುದ್ದಕ್ಕೂ ದಾವಲ್ ಬೀ ಸೊಸೆಯ ಕೈ ಹಿಡಿದು ನನಗಿಂತ ಮುಂದೆ ಮುಂದೆ ನಡೆದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಹೊಲದ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟಿದಾಗಿನಿಂದ ನೋಡಿದ ಹೊಲ, ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ಅದರಲ್ಲಿ ಈಗ ಹಸಿ ಜೋಳ ನಿಂತಿದೆ. ಅದು ರಾಶಿಯಾಗಿ ನನ್ನ ಮನೆಗೆ ಬರುವಷ್ಟರಲ್ಲಿ ನನ್ನ ಹೆರಿಗೆ ಆಗಿಹೋಗಿರುತ್ತದೆ, ಒಳ್ಳೆಯದೋ ಕೆಟ್ಟದ್ದೋ. ಇಲ್ಲಿ ನಾಟಿ ಮುಂದಿನ ವಾರ ಶುರು. ನಾಟಿಯ ಕಾಲಕ್ಕೆ ಒಬ್ಬಳು ಬಿಟ್ಟರೆ ಆಕೆಯ ಮನೆಯಿಂದ ಬದಲಿ ಆಳು ಹೋಗಬೇಕು, ಇದು ಗುಂಪಿನ ಕಟ್ಟಳೆ. ಬದಲಿ ಹೋದರೆ ಪಾಲು ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಮನೆಯಲ್ಲಿ ಯಾರಿದ್ದಾರೆ? ಅತ್ತೆಗೆ ಕಣ್ಣಿಲ್ಲ. ಇವರು ಮಂದೆ ಬಿಟ್ಟು ಬಂದರೆ ವರ್ಷದ ದುಡಿಮೆ ಹೋಗುತ್ತದೆ. ಭತ್ಯೆ ಸಿಗುತ್ತದೆಂಬ ಧೈರ್ಯವಿತ್ತು, ಈಗ ಅದೂ ಇಲ್ಲ. ಅದಕ್ಕೇ ನಾನೇ ಇಳಿಯುತ್ತೇನೆ.

ಅವ್ವ ಕೇಳಿದ್ದಕ್ಕೆ ಹೇಳು. ಹೆಸರಿಟ್ಟಿರಲಿಲ್ಲ. ಅಳದ ಕೂಸಿಗೆ ಹೆಸರಿಡುವುದಿಲ್ಲ ಎಂದರು. ನಾನು ಮನಸ್ಸಿನಲ್ಲಿ ಬಸವಂತಿ ಎಂದು ಕರೆಯುತ್ತೇನೆ, ಅವ್ವನ ಹೆಸರು.

ಸಿಟ್ಟಿನಲ್ಲಿ ನೀವು ಎನ್ನುವುದು ಮರೆತೆ. ತಿದ್ದುವುದಿಲ್ಲ.

ಚನ್ನಮಲ್ಲಮ್ಮ


ರಾಯಚೂರು ಬಸ್ ಸ್ಟ್ಯಾಂಡ್
೯ ಜನವರಿ ೧೯೮೭

ಚಿ. ಸೌ. ಚನ್ನಮಲ್ಲಮ್ಮಳಿಗೆ ಆಶೀರ್ವಾದ.

ಕೆಸರಿಗೆ ಇಳಿಯಬೇಡ. ನಿನ್ನೆ ದೇವದುರ್ಗಕ್ಕೆ ಹೋಗಿ ಅರ್ಜಿ ವಾಪಸ್ ತೆಗೆದುಕೊಂಡೆ. ಮಗಳಿಗೆ ಹೊಲ ಕೊಟ್ಟು ತಿಂಗಳೊಳಗೆ ಕಿತ್ತುಕೊಂಡ ಅಪ್ಪ ಎಂದು ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈ ಸಲ ಚಹಾ ಬರಲಿಲ್ಲ. ಮಾನ್ವಿಯ ಬಸ್ಸು ಕೆಟ್ಟು ನಿಂತಿದೆ, ಇನ್ನೊಂದು ಯಾವಾಗ ಬಿಡುತ್ತಾರೋ ಯಾರೂ ಹೇಳುವುದಿಲ್ಲ. ಕೂರಲಾಗದೆ ಕಾರ್ಡ್ ಕೊಂಡು ಬರೆಯುತ್ತಿದ್ದೇನೆ. ಇದು ಮುಟ್ಟುವ ಮೊದಲು ನಾನೇ ಬಂದಿರುತ್ತೇನೆ ಎಂದು ಗೊತ್ತಿದೆ. ಆದರೂ ಬರೆದೆ.

ನಿಮ್ಮಪ್ಪ


ಮಾನ್ವಿ
೨೦ ಜನವರಿ ೧೯೮೭

ಪ್ರೀತಿಯ ಅವ್ವನಿಗೆ ಚನ್ನಿಯ ನಮಸ್ಕಾರಗಳು. ಓದಿ ಹೇಳುವ ಶರಣಯ್ಯ ಮಾಸ್ತರರಿಗೂ ಶರಣು.

ಅಪ್ಪ ಬಂದಿದ್ದಾನೆ. ಬಂದ ದಿನ ಅಂಗಳದಲ್ಲಿ ನಿಂತು ನನ್ನ ಹೊಟ್ಟೆ ನೋಡಿದ, ಆಮೇಲೆ ಮನೆಯ ಸೂರು ನೋಡಿದ. ಒಳಗೆ ಬಾ ಎಂದರೆ ಸೆಕೆ ಎಂದ. ಇದು ಜನವರಿ, ಅವ್ವ. ಹೊರಗೆ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ತನ್ನ ಅಡುಗೆ ತಾನೇ ಬೇಯಿಸಿಕೊಳ್ಳುತ್ತಾನೆ. ನೀನು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಮುಗಿದು ಈಗ ಬರೀ ಉಪ್ಪು ಗಂಜಿ. ಕುರಿಯವರ ಮನೆಯ ನೀರು ಮುಟ್ಟುವುದಿಲ್ಲ, ಆದರೆ ಅತ್ತೆಗೆ ದಿನಾ ಕೈ ಹಿಡಿದು ಹಿತ್ತಲಿಗೆ ದಾರಿ ತೋರಿಸುತ್ತಾನೆ. ಅವಳು ಅವನನ್ನು ಊರು ಕಾಯುವ ತಳವಾರ ಎಂದು ತಿಳಿದಿದ್ದಾಳೆ.

ನಾಟಿ ಶುರುವಾದ ದಿನ ನಾನು ಸೆರಗು ಬಿಗಿದು ಬಾಗಿಲಿಗೆ ಬಂದರೆ ಅವನು ಆಗಲೇ ದಾವಲ್ ಬೀಯ ಎದುರು ನಿಂತಿದ್ದ. ಆಕೆ ನನ್ನ ಕಡೆ ನೋಡದೆ ಅವನಿಗೆ, ಬದಲಿ ಆಳು ಯಾರು ಎಂದು ಕೇಳಿದಳು. ಅಪ್ಪ ಧೋತರವನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು, "ನಾನೇ" ಎಂದ. ಗುಂಪಿನವರು ಸೆರಗು ಬಾಯಿಗೆ ಒತ್ತಿಕೊಂಡರು. ನಾಟಿ ಹಚ್ಚುವುದು ಹೆಂಗಸರ ಕೆಲಸ, ಈ ಸೀಮೆಯಲ್ಲಿ ಗಂಡಸು ಕೆಸರಿಗೆ ಇಳಿಯುವುದು ಎತ್ತಿನ ಹಿಂದೆ ಮಾತ್ರ. ದಾವಲ್ ಬೀ ಬೇಡವೆಂದಳು. ಸಸಿಯ ಕಟ್ಟು ಹೊರುತ್ತೀರಾ ಎಂದಳು. ಬದಲಿ ಎಂದ ಮೇಲೆ ಮಗಳು ನಿಲ್ಲುವಲ್ಲೇ ನಿಲ್ಲುತ್ತೇನೆ ಎಂದು ಹಟ ಹಿಡಿದ. ನಾನು ಅವನ ತೋಳು ಹಿಡಿದೆ. "ನೀ ಒಳಗ ಹೋಗಿ ಕುಂದ್ರು" ಎಂದು ಮಾತ್ರ ಹೇಳಿ ನಡೆದುಬಿಟ್ಟ.

ಸಂಜೆ ಬಂದಾಗ ಎದೆಯ ತನಕ ಕೆಸರು. ಎರಡು ಸಲ ಬಿದ್ದನಂತೆ. ಅವನು ಹಚ್ಚಿದ್ದನ್ನೆಲ್ಲ ದಾವಲ್ ಬೀ ಬೈಯುತ್ತ ಮತ್ತೆ ಹಚ್ಚಿದಳಂತೆ.

ನಾನೀಗ ಮನೆಯಲ್ಲೇ ಕೂತಿದ್ದೇನೆ, ಅವ್ವ. ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕೆಸರಿನಲ್ಲಿದ್ದಾಗ ಕೂಸಿನ ಚಿಂತೆ ಒಂದೇ ಇತ್ತು. ಈಗ ಅಪ್ಪನ ಸೊಂಟದ ಚಿಂತೆಯೂ ಸೇರಿದೆ. ತಲಾಟಿ ಇನ್ನೂ ಬಂದಿಲ್ಲ. ಚುನಾವಣೆಯ ಕೆಲಸಕ್ಕೆ ಹಚ್ಚಿದ್ದಾರಂತೆ. ಬಂದರೆ ಅಪ್ಪ ಏನು ಹೇಳುತ್ತಾನೋ, ಕೇಳಲು ನನಗೆ ಧೈರ್ಯವಿಲ್ಲ.

ನಿನ್ನ ಮಗಳು,
ಚನ್ನಿ


ಮಾನ್ವಿ
೧೨ ಫೆಬ್ರವರಿ ೧೯೮೭

ಚಿ. ಸೌ. ಬಸವಂತಮ್ಮಳಿಗೆ ವಿರೂಪಣ್ಣನ ಆಶೀರ್ವಾದ. ಶರಣಯ್ಯ, ನಿಧಾನವಾಗಿ ಓದು, ಮಧ್ಯದಲ್ಲಿ ನಶ್ಯ ಏರಿಸಬೇಡ.

ನಿನ್ನೆ ಮುಂಜಾನೆ ಇಲ್ಲಿನ ಆಸ್ಪತ್ರೆಯಲ್ಲಿ ಚನ್ನಿಗೆ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದಾರೆ. ನಾನು ಹೊರಗೆ ಗೋಡೆಗೆ ಆತು ನಿಂತಿದ್ದೆ. ದಾವಲ್ ಬೀ ಬಾಗಿಲಿಗೆ ಬಂದು, "ಕೇಳ್ರೀ ಯಜಮಾನ್ರ, ಅಳಾಕತ್ತದ" ಎಂದಳು. ಕೇಳಿದೆ. ಅಂಥ ಒಳ್ಳೆಯ ದನಿಯನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅಲ್ಲಿ ಬಹಳ ಮಂದಿ ಇದ್ದರು, ಆದರೂ ನಾನೂ ಅತ್ತುಬಿಟ್ಟೆ.

ತಲಾಟಿಯ ಸಂಗತಿ ನೀನು ಕೇಳಿ ಕಳಿಸಿದ್ದೆ. ಹೋದ ತಿಂಗಳ ಕೊನೆಗೆ ಬಂದ. ಮನೆಯಲ್ಲಿ ಚನ್ನಿಯನ್ನು ನೋಡಿ, ನಿಮ್ಮಪ್ಪ ಎಲ್ಲಿ, ಅವರ ಹೇಳಿಕೆ ಬೇಕು ಎಂದನಂತೆ. ಗದ್ದೆಯಲ್ಲಿ ಎಂದಿದ್ದಾಳೆ. ಸೈಕಲ್ ತಳ್ಳಿಕೊಂಡು ಬದುವಿನ ಮೇಲೆ ಬಂದು ನಿಂತು, ವಿರೂಪಣ್ಣನವರು ಎಲ್ಲಿದ್ದಾರೆಂದು ಕೂಗಿದ. ನಾನು ಅವನ ಎದುರಿಗೇ ಬಗ್ಗಿದ್ದೆ. ಸೊಂಟ ನೆಟ್ಟಗೆ ಮಾಡಿ ನಿಲ್ಲಲು ಈಗ ಸ್ವಲ್ಪ ಹೊತ್ತು ಬೇಕಾಗುತ್ತದೆ. ತಲೆಗೆ ಟವೆಲ್ಲು, ಕೈ ತುಂಬ ಸಸಿ, ಗುರುತು ಸಿಕ್ಕಿದ ಕೂಡಲೇ ಅವನ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಈ ಗದ್ದಿ ನೀವು ಕೋರಿಗಿ ಹಿಡಿದೀರೇನ್ರೀ?" ಎಂದು ಕೇಳಿದ.

ನೋಡು ಬಸವಂತಿ, ಅವನು ನನಗೆ ಮರ್ಯಾದೆಯ ದಾರಿ ತೆರೆದುಕೊಟ್ಟಿದ್ದ. ಹೌದು, ಬೆಳೆಯ ಪಾಲಿಗೆ ಗದ್ದೆ ಹಿಡಿದಿದ್ದೇನೆ, ಆಳುಗಳಿಗೆ ತೋರಿಸಲು ಇಳಿದೆ ಎಂದುಬಿಟ್ಟರೆ ಮುಗಿಯಿತು. ನನ್ನ ನಾಲಿಗೆ ಅದಕ್ಕೆ ತಯಾರೂ ಆಗಿತ್ತು. ಸಾಲಿನ ಹೆಂಗಸರೆಲ್ಲ ಕೈ ನಿಲ್ಲಿಸಿದ್ದರು. ಬೆಳಿಗ್ಗೆ ಮನೆಯಲ್ಲಿ ಚನ್ನಿ ತಂಬಿಗೆಯನ್ನು ಹೊಟ್ಟೆಗೆ ಹಿಡಿದು, ಕೂಸು ಮಿಸುಕುತ್ತದೆಯೋ ಎಂದು ಕಾಯುತ್ತ ಕೂತಿದ್ದಳು. ನಾನು ಅದನ್ನು ನೋಡಿ ಬಂದಿದ್ದೆ.

"ಇಲ್ರೀ. ನನ್ನ ಮಗಳು ಕೂಲಿ. ಆಕಿಗಿ ದಿನ ತುಂಬ್ಯಾವ, ಆಕಿ ಬದಲಿ ಬಂದೀನಿ" ಎಂದೆ. ಅವನು ಹೊಲ ಎಂದು ಏನೋ ಶುರು ಮಾಡಿದ. "ಹೊಲದ ಅರ್ಜಿ ವಾಪಸ್ ತಗೊಂಡೀನಿ. ಕೂಲಿ ಅಲ್ಲದಾಕಿಗಿ ಬದಲಿ ಆಳು ಯಾಕ ಬೇಕಾಗತದ, ನೀವೇ ಹೇಳ್ರಿ. ಇದನ್ನ ಹಿಂಗ ಬರಕೊಳ್ರಿ" ಎಂದೆ.

ಬದುವಿನ ಮೇಲೆ ಕೂತು ಬರೆದುಕೊಂಡ. ಸಹಿ ಮಾಡಿದೆ, ಕಾಗದಕ್ಕೆ ಕೆಸರು ಹತ್ತಿತು. ಅವನು ಅದನ್ನು ಒರೆಸಲು ಹೋಗಿ ಬಿಟ್ಟುಬಿಟ್ಟ. ಇಷ್ಟು ದಿನ ಅದೇ ಮಾತನ್ನು ಮನೆಯಲ್ಲಿ ಕೂತು ಬರೆಯಲಾರದೆ ಮಗಳನ್ನು ಸತಾಯಿಸಿದೆ. ಬಾಯಿಬಿಟ್ಟು ಹೇಳಿದ ಮೇಲೆ ಅದರಲ್ಲಿ ಏನೂ ಇರಲಿಲ್ಲ. ಗುಂಪಿನ ಎಲ್ಲರ ಅರ್ಜಿಗಳೂ ಮುಂದಕ್ಕೆ ಹೋದವು. ಅಮೀರ್ ಬೀಗೆ ಗಂಡು ಹುಟ್ಟಿದ ಮೇಲೆ ಅವಳ ಭತ್ಯೆ ಬಂತು. ಚನ್ನಿಯದು ಇನ್ನೂ ಬಂದಿಲ್ಲ, ಬರುತ್ತದೆ ಎಂದಿದ್ದಾರೆ. ಬರುವ ತನಕ ನಾನಿದ್ದೇನೆ.

ಶರಣಯ್ಯ, ಈ ಒಂದು ಮಾತನ್ನು ಅವಳ ಕಿವಿಗಷ್ಟೇ ಬೀಳುವಂತೆ ಓದು. ಅವತ್ತು ಮಧ್ಯಾಹ್ನ ತಲಾಟಿ ಹೋದ ಮೇಲೆ ನನಗೆ ತಡೆಯಲಾರದ ಹಸಿವಾಯಿತು. ದಾವಲ್ ಬೀ ತನ್ನ ಬುತ್ತಿಯಿಂದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. ಉಂಡೆ. ಅವಳ ಸಾಲಿನಲ್ಲೇ ಕೂತು ಉಂಡೆ. ಈಗ ಚನ್ನಿಯ ಮನೆಯಲ್ಲೂ ಉಣ್ಣುತ್ತೇನೆ.

ಕನಕರಾಯ ದಿನ ಹತ್ತಿರವಾದ ಸುದ್ದಿ ತಿಳಿದು ಜಾಲಹಳ್ಳಿಯಿಂದ ನಿನ್ನೆ ಸಂಜೆ ಬಂದ. ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟ, ತೆಗೆದುಕೊಂಡೆ. ಅವನ ಜೊತೆ ಇನ್ನೂ ಮಾತಾಡಿಲ್ಲ. ಎಲ್ಲವೂ ಒಂದೇ ಸಲಕ್ಕೆ ಆಗುವುದಿಲ್ಲ.

ನೀನು ಬಾ. ಬರುವಾಗ ಅಂಟಿನುಂಡೆಗೆ ಅಂಟು, ಕೊಬ್ಬರಿ, ಬೆಲ್ಲ, ಹಳೆಯ ಸೀರೆಗಳನ್ನು ತಾ. ನಾನು ಈಗಲೇ ಊರಿಗೆ ಬರುವಂತಿಲ್ಲ. ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟಿದ್ದೇ ಈಗ, ನಾಟಿ ಇನ್ನೂ ಉಳಿದಿದೆ. ನಾನು ಬಿಟ್ಟರೆ ನನ್ನ ಸಾಲನ್ನು ಉಳಿದವರು ಎಳೆಯಬೇಕು.

ಶರಣಯ್ಯ, ಇನ್ನು ಮುಂದಿನದನ್ನು ಮೆಲ್ಲಗೆ ಓದಬೇಡ. ಕಟ್ಟೆಗೆ ಹೋಗಿ, ನಾಲ್ಕು ಮಂದಿ ಕೂತಿರುವ ಹೊತ್ತು ನೋಡಿ, ಗಟ್ಟಿಯಾಗಿ ಓದು. ವಿರೂಪಣ್ಣ ಎಲ್ಲಿ ಹೋದ ಎಂದು ಯಾರಾದರೂ ಕೇಳಿದರೆ, ಅವನ ಮಗಳು ಬಾಣಂತಿ, ಅವಳ ಬದಲಿ ಮಾನ್ವಿಯಲ್ಲಿ ಕೂಲಿಗೆ ಹೋಗುತ್ತಿದ್ದಾನೆ ಎಂದು ಹೇಳು.

ಇತಿ,
ವಿರೂಪಣ್ಣ